ಗೋಡೆ ಮರೆಯದ ಅನಿಲ

ಒಂಬತ್ತನೆಯ ಕಂತು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಹೇಳಬೇಕಾದವಳು ನಾನಲ್ಲ. ಪ್ಲಾಸ್ಮಾ ಎಂದರೇನು ಎಂಬುದನ್ನು ನಾನು ಕಲಿತದ್ದು ಸಂಜೆ ಕಾಲೇಜಿನಲ್ಲಿ, ಹಿಂದಿನ ಬೆಂಚಿನಲ್ಲಿ ಕೂತು, ಅರ್ಧ ಪಾಠ ತೂಕಡಿಸಿ. ಎಲ್ಲಾದರೂ ತಪ್ಪು ಹೇಳಿದರೆ ತಿಳಿದವರು ತಿದ್ದಿಕೊಂಡು ಓದಬೇಕು. ಕಂಡದ್ದನ್ನು ಕಂಡ ಹಾಗೆ ಬರೆಯುವುದಷ್ಟೇ ನನಗೆ ಬರುವ ಕೆಲಸ. ಗ್ಯಾಸ್ ರೂಮಿನ ಲಾಗ್ ಬುಕ್ ಬರೆಯುವವಳು ನಾನು.

"ಬಾಗಿಲು ಹಾಕೇ, ಕತ್ತಲು ಹೊರಗೆ ಹೋಗ್ತಿದೆ," ಎಂದರು ಅತ್ತೆ.

ಹಾಕಿದೆ. ಮಧ್ಯಾಹ್ನದ ಬಿಸಿಲು ಬಾಗಿಲ ಸಂದಿಯಲ್ಲಿ ಒಂದು ಎಳೆಯಾಗಿ ಉಳಿಯಿತು. ಅತ್ತೆ ಫಿಲ್ಮಿನ ಸುರುಳಿಯನ್ನು ದೀಪದ ಮೇಜಿನ ಮೇಲೆ ಬಿಚ್ಚಿ, ಸುಕ್ಕಾಗದಂತೆ ಎರಡೂ ತುದಿಗೆ ಗಾಜಿನ ತುಂಡು ಇಟ್ಟರು. ಮಗುವಿಗೆ ಹೊದಿಕೆ ಸರಿಮಾಡಿದ ಹಾಗಿತ್ತು.

ಅತ್ತೆ ನನ್ನ ತಂದೆಯ ಅಕ್ಕ. ಮೂವತ್ತು ವರ್ಷ ಈ ಪ್ರಯೋಗಾಲಯದ ಬೆಳಕಿನ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಹಿಂದಿನಿಂದ ಎಲ್ಲರೂ ಪಟ್ಟಕದಮ್ಮ ಎನ್ನುತ್ತಾರೆ. ಎದುರಿಗೆ ಯಾರೂ ಏನೂ ಎನ್ನುವುದಿಲ್ಲ. ಬೆಳಕನ್ನು ಗೆರೆಗೆರೆಯಾಗಿ ಸೀಳಿ ಫಿಲ್ಮಿನಲ್ಲಿ ಹಿಡಿಯುವ ಹಳೆಯ ಪೆಟ್ಟಿಗೆಯೊಂದು ಇಲ್ಲಿದೆ. ಅದರ ಹಟ ಅತ್ತೆಯೊಬ್ಬರಿಗೇ ಗೊತ್ತು. ಹಾಗಾಗಿ ವಾರಕ್ಕೆರಡು ಮಧ್ಯಾಹ್ನ ಈಗಲೂ ಬರುತ್ತಾರೆ. ಆ ಫಿಲ್ಮುಗಳನ್ನು ಈಗ ಯಾರೂ ನೋಡುವುದಿಲ್ಲ. ಅತ್ತೆ ಮಾತ್ರ ತೆಗೆಯುವುದನ್ನು ಬಿಟ್ಟಿಲ್ಲ.

ಇಂದು ಆ ಹಟವೇ ನಮ್ಮ ಮನೆಯ ಕೊನೆಯ ಆಸೆಯಾಗಿತ್ತು. ಹೈಡ್ರೋಜನ್ ಬದಲು ಡ್ಯೂಟೀರಿಯಂ ಸಿಲಿಂಡರ್ ಜೋಡಿಸಿ ಪ್ರಯೋಗ ಕೆಡಿಸಿದರೆಂಬ ದೂರು ನನ್ನ ಅಕ್ಕನ ಗಂಡನ ಮೇಲಿದೆ. ನಾಳೆ ಮೂರು ಗಂಟೆಗೆ ವಿಚಾರಣಾ ಸಮಿತಿ ಸೇರುತ್ತದೆ. ಭಾವನ ಇಪ್ಪತ್ತೆರಡು ವರ್ಷದ ಕೆಲಸ, ಅದಕ್ಕಿಂತ ಹೆಚ್ಚಾಗಿ ಅವರ ಹೆಸರು, ನಾಳೆ ಮೂರು ಗಂಟೆಗೆ ಉಳಿಯಬೇಕು ಇಲ್ಲವೇ ಹೋಗಬೇಕು.

ನಮ್ಮ ಯಂತ್ರಕ್ಕೆ ಉದ್ದನೆಯ ಹೆಸರೊಂದಿದೆ. ನಾವು ಬಳೆ ಎನ್ನುತ್ತೇವೆ. ಮನೆಯಷ್ಟು ದೊಡ್ಡ ಉಕ್ಕಿನ ಬಳೆ, ಒಳಗೆ ಟೊಳ್ಳು. ಟೊಳ್ಳಿಗೆ ಚಿಟಿಕೆಯಷ್ಟು ಅನಿಲ ಬಿಟ್ಟು ತಂತಿಯ ಸುರುಳಿಗಳಿಗೆ ವಿದ್ಯುತ್ ಹರಿಸಿದರೆ ನೆಲವೆಲ್ಲ ಒಮ್ಮೆ ಧಿಮ್ ಎನ್ನುತ್ತದೆ. ಅನಿಲ ಉರಿಯುವ ಮೋಡವಾಗುತ್ತದೆ. ಕಾಂತದ ಹಿಡಿತ ಅದನ್ನು ಗೋಡೆಗೆ ಹೆಚ್ಚು ತಾಗಗೊಡದೆ ತೇಲಿಸುತ್ತದೆ.

ದಪ್ಪ ಗಾಜಿನ ಕಿಟಕಿಯಲ್ಲಿ ನೋಡಿದರೆ ಅಂಚಿನಲ್ಲಿ ಮಾತ್ರ ಗುಲಾಬಿ ಬಣ್ಣ. ನಡುಭಾಗ ಎಷ್ಟು ಬಿಸಿ ಎಂದರೆ ಅದಕ್ಕೆ ಕಣ್ಣಿಗೆ ಕಾಣುವ ಬಣ್ಣವೇ ಇಲ್ಲ. ಕಣ್ಣುಮುಚ್ಚಿ ಬಿಸಿಲಿಗೆ ಮುಖ ಮಾಡಿದಾಗ ರೆಪ್ಪೆಯೊಳಗೆ ಏನೋ ಕಂಡು ಜಾರಿಹೋಗುತ್ತದಲ್ಲ, ಹಾಗೆ ಎರಡು ಸೆಕೆಂಡ್ ಇದ್ದು ಇಲ್ಲವಾಗುತ್ತದೆ. ಅದಕ್ಕೆ ಒಂದು ಶಾಟ್ ಎನ್ನುತ್ತೇವೆ.

ಆ ಎರಡು ಸೆಕೆಂಡಿನಲ್ಲಿ ಮೋಡದೊಳಗೆ ಸುಳಿಗಳೇಳುತ್ತವೆ. ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಚೆಲ್ಲುತ್ತವೆ. ನಮ್ಮ ಪ್ರೊಫೆಸರರು ಅರ್ಧ ಆಯಸ್ಸನ್ನು ಆ ಸುಳಿಗಳ ಹಿಂದೆಯೇ ಕಳೆದಿದ್ದಾರೆ.

ಅವರ ಒಗಟನ್ನು ಅತ್ತೆ ನನಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ. ಹೈಡ್ರೋಜನ್ ಹಗುರ. ಅದರ ಅಣ್ಣ ಡ್ಯೂಟೀರಿಯಂ ಎರಡರಷ್ಟು ಭಾರ. ಭಾರದ ಕಣ ಕಾಂತದ ಎಳೆಯ ಸುತ್ತ ದೊಡ್ಡ ಸುತ್ತು ಹಾಕುತ್ತದೆ. ಆದ್ದರಿಂದ ಸುಳಿಯೂ ದೊಡ್ಡದಾಗಬೇಕು, ಬಿಸಿ ಹೆಚ್ಚು ಸೋರಬೇಕು. ಸಾದಾ ಲೆಕ್ಕ ಹಾಗೆನ್ನುತ್ತದೆ. ಬಳೆಯೊಳಗೆ ಆಗುವುದು ತಿರುಗುಮುರುಗು. ಭಾರದ ಅನಿಲದಲ್ಲಿ ಸುಳಿಗಳು ಅಡಗಿ ಬಿಸಿ ಒಳಗೇ ನಿಲ್ಲುತ್ತದೆ, ಹಗುರದಲ್ಲಿ ಸೋರಿಹೋಗುತ್ತದೆ. ಏಕೆಂದು ಹೇಳುವವರು ಹಲವರಿದ್ದಾರಂತೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲವಂತೆ.

ಎರಡು ವಾರದ ಹಿಂದೆ, ಗುರುವಾರ, ಬರಿಯ ಹೈಡ್ರೋಜನ್ನಿನಲ್ಲಿ ಇಪ್ಪತ್ತನಾಲ್ಕು ಶಾಟ್ ಹೊಡೆದರು. ಸೋರಬೇಕಾದ ಬಿಸಿ ಅಷ್ಟಾಗಿ ಸೋರಲಿಲ್ಲ. ಹತ್ತೊಂಬತ್ತನೆಯ ಶಾಟಿನಲ್ಲಂತೂ ಸುಳಿಗಳು ಮಲಗಿಯೇಬಿಟ್ಟವು ಎಂದು ಕಂಟ್ರೋಲ್ ರೂಮಿನಲ್ಲಿ ಕುಣಿದಾಡಿದರಂತೆ. ಸಂಜೆ ಸುರಕ್ಷತಾ ಅಧಿಕಾರಿ ನ್ಯೂಟ್ರಾನ್ ಮೀಟರಿನ ದಿನದ ಮೊತ್ತ ಓದಿದರು. ಕುಣಿತ ಅಲ್ಲಿಗೆ ನಿಂತಿತು. ಬರಿಯ ಹೈಡ್ರೋಜನ್ನಿನಿಂದ ನ್ಯೂಟ್ರಾನ್ ಹುಟ್ಟುವುದಿಲ್ಲ. ಡ್ಯೂಟೀರಿಯಂ ಇದ್ದರೆ ಹುಟ್ಟುತ್ತದೆ. ಅಂದು ಹುಟ್ಟಿತ್ತು.

ಸಿಲಿಂಡರ್ ಜೋಡಿಸುವವರು ಭಾವ. ಹಿಂದಿನ ತಿಂಗಳು ಪ್ರೊಫೆಸರರು ಎಲ್ಲರೆದುರು ಭಾವನನ್ನು "ಆ ಸ್ಪ್ಯಾನರ್‌ನ ಕರೀರಿ" ಎಂದಿದ್ದರು. ಆ ಅವಮಾನಕ್ಕೆ ಸೇಡು ಎಂದು ಸಮಿತಿಗೆ ಕಾರಣವೂ ಸಿಕ್ಕಿದಂತಾಯಿತು.

ಭಾವ ಬಾಯಿ ಬಿಡುತ್ತಿಲ್ಲ. ಮಾಡಿದೆ ಎನ್ನುವುದಿಲ್ಲ, ಮಾಡಿಲ್ಲ ಎನ್ನುವುದೂ ಇಲ್ಲ. ಅಕ್ಕ ಎರಡು ವಾರದಿಂದ ತಟ್ಟೆಯ ಮುಂದೆ ಕೂತು ಎದ್ದುಬರುತ್ತಿದ್ದಾಳೆ.

"ಕಣ್ಣಿಲ್ಲಿಡು," ಎಂದರು ಅತ್ತೆ, ಭೂತಗನ್ನಡಿ ನನ್ನತ್ತ ತಳ್ಳಿ.

ಆ ಗುರುವಾರದ ಫಿಲ್ಮಿನಲ್ಲಿ ಶಾಟಿಗೊಂದರಂತೆ ಚೌಕಗಳು. ಮೊದಲನೆಯ ಚೌಕದಲ್ಲಿ ಪಕ್ಕಪಕ್ಕ ಎರಡು ಕರಿಗೆರೆ, ಕೂದಲೆಳೆಯಷ್ಟು ಅಂತರ. ಬಲಗಡೆಯದು ಹೈಡ್ರೋಜನ್ನಿನ ಬೆಳಕು, ಎಡಗಡೆಯದು ಅದರ ಅಣ್ಣನದು. ಕಂಟ್ರೋಲ್ ರೂಮಿನ ಹೊಸ ಯಂತ್ರಕ್ಕೆ ಇವೆರಡೂ ಅಂದು ಒಂದೇ ಗೆರೆಯಾಗಿ ಕಂಡಿವೆ. ಬೆಳಕು ಹೋಗುವ ಸೀಳನ್ನು ಯಾರೋ ಅಗಲವಾಗಿ ಬಿಟ್ಟಿದ್ದರಂತೆ. ಹಳೆಯ ಪೆಟ್ಟಿಗೆಗೆ ಅಂಥ ಧಾರಾಳವಿಲ್ಲ.

"ಎಡದ ಗೆರೆ ಹೇಗಿದೆ?"

"ದಪ್ಪಗಿದೆ ಅತ್ತೆ. ಬಲದ್ದರಷ್ಟೇ."

"ಮುಂದೆ ಹೋಗು. ಓಡಬೇಡ."

ಐದನೆಯದರಲ್ಲಿ ಎಡಗೆರೆ ಸ್ವಲ್ಪ ತೆಳ್ಳಗಾಗಿತ್ತು. ಒಂಬತ್ತರಲ್ಲಿ ಇನ್ನಷ್ಟು. ಹದಿಮೂರರಲ್ಲಿ ಪೆನ್ಸಿಲಿನಿಂದ ಎಳೆದು ರಬ್ಬರಿನಿಂದ ಉಜ್ಜಿದಂತೆ. ಹದಿನೆಂಟರಲ್ಲಿ ಇದೆಯೋ ಇಲ್ಲವೋ ಎಂದು ನನಗೆ ನನ್ನ ಕಣ್ಣಿನ ಮೇಲೇ ಅನುಮಾನ ಬಂತು. ಹಾಗೆ ನೋಡಿದರೆ ನನಗೆ ಅನುಮಾನ ಬರದ ವಿಷಯ ಕಡಿಮೆ.

ಅತ್ತೆ ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಸಿಲಿಂಡರ್ ತಪ್ಪಾಗಿದ್ದರೆ ಈ ಗೆರೆ ಮೊದಲಿಂದ ಕೊನೆಯವರೆಗೆ ಹೀಗೆ ಕರಗಬೇಕಾಗಿರಲಿಲ್ಲ, ದಪ್ಪಗೇ ಇರಬೇಕಿತ್ತು ಎಂದು ನಿಧಾನವಾಗಿ ಹೇಳಿದರು. ದಿನದ ಮೊತ್ತವನ್ನಷ್ಟೇ ಓದಿದವರಿಗೆ ಇದು ಕಾಣುವುದಿಲ್ಲವಂತೆ.

"ಹಾಗಿದ್ರೆ ಎಲ್ಲಿಂದ ಬಂತು ಅತ್ತೆ?"

"ಒಲೆ ಮುಂದೆ ಇಡೀ ದಿನ ಕೂತವಳ ಸೀರೆ ಒಂದು ಸಲ ಕೊಡವಿದ್ರೆ ಹೊಗೆ ವಾಸನೆ ಹೋಗುತ್ತೇನೆ?"

ಆಗ ನನಗೆ ಹೊಳೆಯಿತು. ಗೋಡೆ. ಬಳೆಯ ಒಳಗೋಡೆಗೆ ಗ್ರಾಫೈಟ್ ಬಿಲ್ಲೆಗಳನ್ನು ಕೂರಿಸಿದ್ದಾರೆ. ಅವು ಅನಿಲ ಕುಡಿಯುತ್ತವೆ. ತಿಂಗಳುಗಟ್ಟಲೆ ಡ್ಯೂಟೀರಿಯಂ ಹೊಡೆದರೆ ತಿಂಗಳುಗಟ್ಟಲೆ ಕುಡಿದು, ನೀವು ಬೇರೆ ಅನಿಲ ಬಿಟ್ಟಾಗ ಹಳೆಯದನ್ನು ಮೆಲ್ಲಗೆ ಉಸಿರು ಬಿಡುತ್ತವೆ. ನಾವು ಮರೆತದ್ದನ್ನು ಗೋಡೆ ಮರೆತಿರುವುದಿಲ್ಲ.

ಭಾವ ತಪ್ಪಿತಸ್ಥರಲ್ಲ. ಎದೆಯ ಮೇಲಿನಿಂದ ಯಾರೋ ಕಲ್ಲು ಇಳಿಸಿದಂತಾಯಿತು. ಕಲ್ಲು ಅಲ್ಲೇ ಪಕ್ಕದಲ್ಲಿ ನಿಂತಿದ್ದು ನನಗೆ ಕಂಡದ್ದು ಮರುಕ್ಷಣದಲ್ಲಿ.

"ಅದಕ್ಕೇ ಅಲ್ವಾ ಗ್ಯಾಸ್ ಬದಲಾಯಿಸೋ ಮುಂಚೆ ಗೋಡೆ ತೊಳೆಯೋದು," ಎಂದರು ಅತ್ತೆ, ಫಿಲ್ಮನ್ನೇ ನೋಡುತ್ತಾ. "ಅರವತ್ತು ಶಾಟ್ ತೊಳೀಬೇಕು. ತೊಳೆದಿದ್ರೆ ಮೊದಲನೇ ಚೌಕ ಹೀಗಿರ್ತಿರಲಿಲ್ಲ. ತೊಳೆದ ಲೆಕ್ಕ ಬರೆದೋರು ಯಾರು?"

ಉತ್ತರ ನನಗೆ ಗೊತ್ತಿತ್ತು. ಅವರಿಗೂ.

ಹೊಸ ಅನಿಲದ ಶಾಟ್‌ಗಳಿಂದ ಗೋಡೆಯ ಹಳೆಯ ಅನಿಲವನ್ನು ಹೊರಡಿಸುವುದೇ ತೊಳೆಯುವುದು. ಆ ಶಾಟ್‌ಗಳನ್ನು ಯಾರೂ ನೋಡುವುದಿಲ್ಲ. ಅಳತೆಯ ಉಪಕರಣಗಳನ್ನೆಲ್ಲ ಆರಿಸಿ, ಯಂತ್ರವನ್ನು ತನ್ನಷ್ಟಕ್ಕೆ ಬಿಟ್ಟು ಕಂಟ್ರೋಲ್ ರೂಮಿನವರು ಎದ್ದುಹೋಗುತ್ತಾರೆ. ಎರಡು ನಿಮಿಷಕ್ಕೊಮ್ಮೆ ಧಿಮ್. ಗ್ಯಾಸ್ ರೂಮಿನಲ್ಲಿ ಕೂತವರು ಸದ್ದು ಕೇಳಿದಾಗಲೆಲ್ಲ ಪುಸ್ತಕದಲ್ಲಿ ಒಂದು ಗೀಟು ಹಾಕುತ್ತಾರೆ. ಹಿಂದಿನಿಂದಲೂ ಹಾಗೇ ನಡೆದುಬಂದಿದೆ. ಆ ಗುರುವಾರದ ಹಿಂದಿನ ದಿನ, ಬುಧವಾರ ಮಧ್ಯಾಹ್ನ, ಕೂತಿದ್ದವಳು ನಾನು.

ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಪೈಪುಗಳ ಮೇಲೆ ಬಿಸಿಲು ಹರಿದಾಡುತ್ತಿತ್ತು. ಹಿಂದಿನ ದಿನ ಸಂಜೆ ಕಾಲೇಜಿನಲ್ಲಿ ಪರೀಕ್ಷೆ ಮುಗಿಸಿ ಬಂದವಳಿಗೆ ನೆಲದ ಧಿಮ್ ಯಾರೋ ದೂರದಲ್ಲಿ ಹಾಸಿಗೆ ಕೊಡವಿದಂತೆ ಕೇಳುತ್ತಿತ್ತು. ನಿದ್ದೆ ಮಾಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಗೀಟೂ ತಪ್ಪಿಸಲಿಲ್ಲ. ಅರವತ್ತು ಧಿಮ್, ಅರವತ್ತು ಗೀಟು. ಮತ್ತೆ ಗೋಡೆ ತೊಳೆಯಲಿಲ್ಲ ಎಂದರೆ ಹೇಗೆ?

ಲಾಗ್ ಬುಕ್ ನನ್ನ ಚೀಲದಲ್ಲೇ ಇತ್ತು. ಪುಟ ತೆಗೆದೆ. ಗೀಟುಗಳ ಮೇಲ್ಗಡೆ, ಶುರುವಾಗುವ ಮುನ್ನ, ತೊಳೆಯುವ ಹೈಡ್ರೋಜನ್ ತುಂಬಿದ ಚಿಕ್ಕ ಟ್ಯಾಂಕಿನ ಒತ್ತಡ: ನಾಲ್ಕು ಬಿಂದು ಒಂದು. ಕೆಳಗಡೆ, ಮುಗಿದ ಮೇಲೆ: ನಾಲ್ಕು ಬಿಂದು ಒಂದು. ಎರಡೂ ನನ್ನದೇ ದುಂಡಗಿನ ಅಕ್ಷರ. ಬೇರೆ ಪುಟಗಳಲ್ಲೆಲ್ಲ ಕೆಳಗಿನ ಅಂಕಿ ಮೂರಕ್ಕೂ ಕಡಿಮೆ.

ಟ್ಯಾಂಕಿನಿಂದ ಒಂದು ಉಸಿರಿನಷ್ಟೂ ಅನಿಲ ಹೋಗಿರಲಿಲ್ಲ. ಒಳಗೆ ಏನೂ ಇಲ್ಲದಿದ್ದರೂ ಸುರುಳಿಗಳು ಧಿಮ್ ಎನ್ನುತ್ತವೆ. ಅರವತ್ತು ಸಲ ಬರಿಯ ಬಳೆ ಬಡಿದುಕೊಂಡಿತ್ತು. ನಾನು ಅರವತ್ತು ಸಲ ನಂಬಿ ಬರೆದಿದ್ದೆ.

"ಹೋಗಿ ಕೇಳು ಅವನನ್ನ," ಎಂದರು ಅತ್ತೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. "ಬರೋವಾಗ ಟೀ ತಗೊಂಡು ಬಾ. ಸಕ್ಕರೆ ಬೇಡ."

ಭಾವ ಗ್ಯಾಸ್ ರೂಮಿನಲ್ಲಿದ್ದರು. ಸಿಲಿಂಡರ್ ಮುಟ್ಟಬಾರದೆಂದು ಆದೇಶವಾದಾಗಿನಿಂದ ವಾಷರ್‌ಗಳನ್ನು ಅಳತೆ ಪ್ರಕಾರ ಬೇರೆಬೇರೆ ಡಬ್ಬಿಗೆ ಹಾಕುವುದೇ ಅವರ ಕೆಲಸ. ಎಲ್ಲ ಹಾಕಿ ಮುಗಿದಾಗ ಒಟ್ಟಿಗೆ ಸುರಿದು ಮತ್ತೆ ಶುರುಮಾಡುತ್ತಿದ್ದರೆಂದು ನನಗೆ ಅನುಮಾನ. ಸೊಂಟದಲ್ಲಿ, ಚಿಕ್ಕ ಸಿಲಿಂಡರುಗಳನ್ನಿಡುವ ಒಳ ಬೀರುವಿನ ಬೀಗದ ಕೈ ಮಾತ್ರ ಹಾಗೇ ತೂಗುತ್ತಿತ್ತು. ಅದನ್ನು ಕಿತ್ತುಕೊಳ್ಳುವುದು ಯಾರಿಗೂ ನೆನಪಾಗಿರಲಿಲ್ಲ.

ಆ ಬುಧವಾರ ಅವರು ಎರಡು ಗಂಟೆ ಹೊರಗೆ ಹೋಗಿದ್ದರು. ಮಗಳಿಗೆ ಕಪ್ಪುಹಲಗೆ ಕಾಣುತ್ತಿಲ್ಲವೆಂದು ಕಣ್ಣಿನ ಡಾಕ್ಟರ ಬಳಿ. ರಜೆ ಚೀಟಿ ಬರೆಯಲಿಲ್ಲ. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎಂದವಳು ನಾನೇ. ಟ್ಯಾಂಕಿಗೂ ಬಳೆಗೂ ನಡುವೆ ಕೈಯಿಂದ ತಿರುಗಿಸುವ ಒಂದು ವಾಲ್ವ್ ಇದೆ. ದಿನವೂ ತೆರೆಯುವವರು ಅವರು. ಹೋಗುವ ಮುನ್ನ ಅವರು ತೆರೆದಿರುತ್ತಾರೆಂದು ನಾನಂದುಕೊಂಡಿದ್ದೆ.

ಬರುವ ದಾರಿಯಲ್ಲೇ ತಂದಿದ್ದ ಟೀ ಲೋಟ ಪಕ್ಕಕ್ಕಿಟ್ಟು, ನಾನು ಪುಸ್ತಕ ತೆರೆದು ವಾಷರ್‌ಗಳ ಮೇಲೇ ಇಟ್ಟೆ.

"ಭಾವ, ನೀವು ವಾಪಸ್ ಬಂದಾಗ ವಾಲ್ವ್ ಹೇಗಿತ್ತು?"

ಅವರು ಪುಟ ನೋಡಲಿಲ್ಲ. ಒಂದು ವಾಷರನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದರು.

"ಟೀ ಯಾರಿಗೆ, ಪಟ್ಟಕದಮ್ಮಂಗಾ? ಆರಿಹೋಗುತ್ತೆ, ಹೋಗು."

"ಭಾವ."

"ಮುಚ್ಚಿತ್ತು."

ಗೋಡೆಯಾಚೆ ಪಂಪುಗಳ ಗುಂಯ್ ಸದ್ದು. ಅದು ಯಾವಾಗಲೂ ಇರುತ್ತದೆ. ಆಗ ಮೊದಲ ಸಲ ಕೇಳಿದಂತಾಯಿತು.

"ನೀವು ತೆರೆದಿರ್ತೀರಿ ಅಂದ್ಕೊಂಡೆ."

"ನೀನು ತೆರೀತೀಯ ಅಂದ್ಕೊಂಡೆ." ವಾಷರನ್ನು ತಪ್ಪು ಡಬ್ಬಿಗೆ ಹಾಕಿದರು. "ಇಬ್ಬರೂ ಒಳ್ಳೆ ಜೋಡಿ."

ಉಳಿದದ್ದನ್ನು ಅವರು ತುಂಡುತುಂಡಾಗಿ ಹೇಳಿದರು. ಬಂದ ಕೂಡಲೇ ಒತ್ತಡದ ಮುಳ್ಳು ನೋಡಿ ಗೊತ್ತಾಯಿತಂತೆ. ಮತ್ತೆ ತೊಳೆಯಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಪುಸ್ತಕ ಕೇಳುತ್ತಾರೆ. ಪುಸ್ತಕದಲ್ಲಿರುವುದು ನನ್ನ ಅಕ್ಷರ. ನಾನು ಕೆಲಸಕ್ಕೆ ಸೇರಿ ವರ್ಷ ತುಂಬಿರಲಿಲ್ಲ, ಇನ್ನೂ ಖಾಯಂ ಆಗಿರಲಿಲ್ಲ. ದೊಡ್ಡ ಶಾಟ್‌ಗಳು ಹೊಡೆದ ಹಾಗೆ ಗೋಡೆ ತಾನೇ ಶುದ್ಧವಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡು ಮೆಲ್ಲಗೆ ವಾಲ್ವ್ ತೆರೆದಿಟ್ಟರಂತೆ.

ಎರಡು ವಾರ ಅವರು ಬಾಯಿ ಮುಚ್ಚಿಕೊಂಡಿದ್ದು ನನಗಾಗಿ. ಅಕ್ಕ ಉಪವಾಸ ಬಿದ್ದದ್ದು ನನಗಾಗಿ. ನಾನು ಮಾತ್ರ ದಿನವೂ ಅವಳ ಮನೆಗೆ ಹೋಗಿ, ಪತ್ತೆ ಮಾಡುತ್ತೇನೆ ಬಿಡು ಎಂದು ಧೈರ್ಯ ಹೇಳಿ ಬರುತ್ತಿದ್ದೆ.

ಪುಟವನ್ನೂ ಫಿಲ್ಮನ್ನೂ ನಾಳೆ ಸಮಿತಿಯ ಮುಂದಿಡುತ್ತೇನೆ ಎಂದೆ. ನನ್ನ ಕೆಲಸ ಹೋಗುತ್ತದೆ ಎಂದರು. ಹೋಗಲಿ ಎಂದೆ. ಧೈರ್ಯದಿಂದ ಹೇಳಿದೆನೆಂದು ಬರೆಯಲು ಆಸೆ. ನಿಜ ಹೇಳಬೇಕೆಂದರೆ ಮೊದಲ ಸಲ ಅವರಿಗೆ ಕೇಳಿಸದೆ, ಎರಡು ಸಲ ಹೇಳಬೇಕಾಯಿತು.

ಭಾವ ತಪ್ಪು ಡಬ್ಬಿಗೆ ಹಾಕಿದ್ದ ವಾಷರನ್ನು ಹೆಕ್ಕಿ ತೆಗೆದರು.

"ಹಟ ಥೇಟ್ ನಿಮ್ಮಕ್ಕಂದೇ. ಸರಿ, ತೋರಿಸು. ಹದಿನೆಂಟರವರೆಗೆ ತೋರಿಸಿದ್ರೆ ಸಾಕು ಕಣಮ್ಮ. ಅಷ್ಟರಲ್ಲೇ ಎಲ್ಲ ಗೊತ್ತಾಗುತ್ತೆ."

ಕಣ್ಣೊರೆಸಿಕೊಂಡು ಹೊರಗೆ ಬಂದೆ. ಓಣಿಯ ಉದ್ದಕ್ಕೂ ಬಿಸಿಲು ಚೌಕಚೌಕವಾಗಿ ಬಿದ್ದಿತ್ತು. ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತ, ಫಿಲ್ಮಿನೊಳಗೇ ನಡೆಯುತ್ತಿದ್ದೇನೆ ಎನಿಸಿತು. ಕೆಲಸ ಹೋಗುವವಳ ಮನಸ್ಸು ಇಷ್ಟು ಹಗುರಾಗಿರುವುದು ಸರಿಯೋ ತಪ್ಪೋ ಎಂದು ಅದಕ್ಕೂ ಚಿಂತೆ ಮಾಡಿದೆ.

ಅತ್ತೆ ಟೀ ಕುಡಿದು, ತಣ್ಣಗಾಗಿದೆ ಎಂದು ದೂರಿ, ಪೂರ್ತಿ ಮುಗಿಸಿದರು. ನಾನು ನಡೆದದ್ದನ್ನು ಹೇಳಿದೆ. ವಾಲ್ವಿನ ಮಾತು ಬಂದಾಗ ತಲೆಯಾಡಿಸಿದರು, ಅಷ್ಟೆ. ಕತ್ತರಿ ಎತ್ತಿಕೊಂಡರು. ಸಮಿತಿಗೆ ಇಡೀ ಸುರುಳಿ ಕೊಟ್ಟರೆ ಅವರ ಎಣ್ಣೆಗೈಗೆ ಹಾಳಾಗುತ್ತದೆ, ಬೇಕಾದಷ್ಟು ಕತ್ತರಿಸಿ ಕೊಡುತ್ತೇನೆ ಎಂದರು.

"ಎಲ್ಲಿವರೆಗೆ ಕತ್ತರಿಸ್ಲಿ?"

"ಹದಿನೆಂಟರವರೆಗೆ ಸಾಕಂತೆ ಅತ್ತೆ."

ಕತ್ತರಿ ಫಿಲ್ಮಿನ ಮೇಲೆ ನಿಂತಿತು.

"ಯಾರಂತೆ?"

"ಭಾವ ಹೇಳಿದ್ರು."

"ಹದಿನೆಂಟರಲ್ಲಿ ಗೆರೆ ಕರಗುತ್ತೆ ಅಂತ ನೀನು ಹೇಳಿದ್ಯಾ ಅವನಿಗೆ?"

ನಾನು ಯೋಚಿಸಿದೆ. ಪುಸ್ತಕ ತೋರಿಸಿದ್ದೆ. ಫಿಲ್ಮ್ ಇದೆ ಎಂದಿದ್ದೆ. ಎಷ್ಟು ಚೌಕ, ಯಾವುದರಲ್ಲಿ ಏನು, ಒಂದನ್ನೂ ಹೇಳಿರಲಿಲ್ಲ.

ಅತ್ತೆ ಕತ್ತರಿಯನ್ನು ಕೆಳಗಿಟ್ಟು, ಸುರುಳಿಯನ್ನು ಒಂದು ಚೌಕ ಮುಂದಕ್ಕೆ ಎಳೆದರು. ಹತ್ತೊಂಬತ್ತು. ಸುಳಿಗಳು ಮಲಗಿದ ಶಾಟ್. ಗೋಡೆಯ ಡ್ಯೂಟೀರಿಯಂ ಬಹುಪಾಲು ತೀರಿಹೋಗಿ, ಹೆಚ್ಚುಕಡಿಮೆ ಬರಿಯ ಹೈಡ್ರೋಜನ್ ಉಳಿದಿದ್ದ ಶಾಟ್. ಎಲ್ಲಕ್ಕಿಂತ ಹೆಚ್ಚು ಸೋರಬೇಕಾಗಿದ್ದು ಅದು. ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟಿದ್ದೂ ಅದೇ. ಭಾವನ ಚಿಂತೆಯಲ್ಲಿ ಅದನ್ನು ನಾವಿಬ್ಬರೂ ಮರೆತೇಬಿಟ್ಟಿದ್ದೆವು.

ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಜಾಗ ಬಿಟ್ಟುಕೊಟ್ಟರು.

ಬಲಗಡೆ ಹೈಡ್ರೋಜನ್ ದಪ್ಪಗೆ. ಅದರ ಎಡಕ್ಕೆ ಡ್ಯೂಟೀರಿಯಂ, ನೆರಳಿನ ನೆರಳಾಗಿ. ಆ ನೆರಳಿನ ಎಡಕ್ಕೆ, ಒತ್ತಿಕೊಂಡೇ ಎನ್ನುವಷ್ಟು ಹತ್ತಿರದಲ್ಲಿ, ಚೂಪಾದ ಇನ್ನೊಂದು ಗೆರೆ. ಹದಿನೆಂಟರಲ್ಲಿ ಅದಿಲ್ಲ. ಇಪ್ಪತ್ತರಲ್ಲೂ ಇಲ್ಲ.

"ಇವರಿಗೆ ಇನ್ನೊಬ್ಬ ಅಣ್ಣ ಇದಾನೆ ಕಣೇ," ಎಂದರು ಅತ್ತೆ. ದನಿ ತೀರ ಮೆಲ್ಲಗಿತ್ತು. "ಮೂರರಷ್ಟು ಭಾರ. ಅವನ ಗೆರೆ ಬೀಳೋ ಜಾಗ ಇದು."

ಟ್ರಿಟಿಯಂ. ಸಂಜೆ ಕಾಲೇಜಿನಲ್ಲಿ ಆ ಹೆಸರು ಬಂದ ದಿನ ನಾನು ಎಚ್ಚರವಾಗಿದ್ದೆ. ವಿಕಿರಣ ಸೂಸುವ ಅನಿಲ. ಅದನ್ನಿಡಲು ನಮ್ಮ ಪ್ರಯೋಗಾಲಯಕ್ಕೆ ಅನುಮತಿಯೇ ಇಲ್ಲ. ಯಾವ ಪಟ್ಟಿಯಲ್ಲೂ ಇಲ್ಲ, ಯಾವ ಲಾಗ್ ಬುಕ್ಕಿನಲ್ಲೂ ಇಲ್ಲ. ಬಳೆಯೊಳಗೆ ತಾನಾಗಿ ಹುಟ್ಟುವ ಚೂರುಪಾರು ಫಿಲ್ಮಿನಲ್ಲಿ ಕಾಣುವಷ್ಟಿರುವುದಿಲ್ಲ ಎಂದರು ಅತ್ತೆ.

ನನ್ನ ಕೈ ತಾನಾಗಿಯೇ ಗುರುವಾರದ ಪುಟ ತೆರೆಯಿತು. ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ನಡುವೆ ನಲವತ್ತು ನಿಮಿಷ ನಿಲುಗಡೆ. ಕಾರಣ: ಮಾಪಕ ಬದಲಾವಣೆ. ಕೋರಿದವರು: ಭಾವ. ಬರೆದವಳು: ನಾನು.

ಮಾಪಕ ಬದಲಾಯಿಸಲು ಹತ್ತು ನಿಮಿಷ ಸಾಕು. ಒಳ ಬೀರುವಿನ ಬೀಗದ ಕೈ ಒಂದೇ ಒಂದು.

ಇಡೀ ಫಿಲ್ಮ್ ತೋರಿಸಿದರೆ ಭಾವ ಸಿಲಿಂಡರಿನ ಆರೋಪದಿಂದ ಪಾರಾಗುತ್ತಾರೆ, ಅದಕ್ಕಿಂತ ದೊಡ್ಡದಕ್ಕೆ ಸಿಕ್ಕಿಬೀಳುತ್ತಾರೆ. ಹದಿನೆಂಟಕ್ಕೆ ಕತ್ತರಿಸಿದರೆ ಪಾರಾಗುವುದಷ್ಟೇ. ಅತ್ತೆ ಕತ್ತರಿಯನ್ನು ಅದರ ಹಿಡಿ ನನ್ನ ಕಡೆಗೆ ಬರುವಂತೆ ಸರಿಸಿ, ಎದ್ದುಹೋಗಿ ಬಾಗಿಲ ಸಂದಿಯ ಬಿಸಿಲಿಗೆ ಮುಖಮಾಡಿ ನಿಂತರು.

ನಾನು ಕತ್ತರಿ ಎತ್ತಿಕೊಂಡೆ. ಫಿಲ್ಮಿಗೆ ತಾಗಿಸಿದೆ ಕೂಡ. ಅರವತ್ತು ಗೀಟುಗಳು ಕಣ್ಣ ಮುಂದೆ ಬಂದವು. ಕಾಣದ್ದನ್ನು ಕಂಡೆನೆಂದು ಒಮ್ಮೆ ಬರೆದಾಗಿದೆ. ಕಂಡದ್ದನ್ನು ಕಾಣಲಿಲ್ಲ ಎನ್ನಲು ಕೈ ಬರಲಿಲ್ಲ. ಇಡೀ ಸುರುಳಿಯನ್ನು ಸುತ್ತಿ, ಡಬ್ಬಿಗೆ ಹಾಕಿ, ಲಾಗ್ ಬುಕ್ಕಿನ ಜೊತೆ ಚೀಲದಲ್ಲಿಟ್ಟೆ.

ಭಾವ ನನ್ನನ್ನು ಕಾಯುತ್ತಿದ್ದರೋ, ನನ್ನ ಬೆನ್ನ ಹಿಂದೆ ತಮ್ಮನ್ನೇ ಕಾಯ್ದುಕೊಳ್ಳುತ್ತಿದ್ದರೋ, ಯಾರಿಗಾಗಿ ಆ ಬೀರು ತೆರೆದರೋ, ತೆರೆದವರು ಅವರೇ ಹೌದೋ, ಆ ಎರಡು ಸೆಕೆಂಡ್ ಸುಳಿಗಳನ್ನು ಮಲಗಿಸಿದ್ದು ಆ ಗೆರೆಯೋ ಬೇರೇನೋ, ನನಗೆ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ.